ಒಂದೇ ನಾದ, ಹಲವು ರಾಗ

ಸಾಹಿತ್ಯವಿಲ್ಲದ ವಾದ್ಯಸಂಗೀತದ ಮೇಲೆ ನಾವು ಸಾಮಾನ್ಯವಾಗಿ ಹೊರಿಸುವ ದೂರು ಒಂದುಂಟು: ‘ಎಲ್ಲವೂ ಒಂದೇ ಬಗೆಯಾಗಿ ಕೇಳಿಸುತ್ತದೆ.’ ಈಚೆಗೆ ನನ್ನ ತಂಗಿಯ ಮಗ ವೇಣೂರಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ವೆಂಚರ್ಸ್ ಎಂಬ ಅಮೆರಿಕದ ರಾಕ್ ತಂಡದ ವಾದನವನ್ನು ನನಗೆ ಕೇಳಿಸಿದ. 1958ರಲ್ಲಿ ಟಕೋಮಾ ನಗರದಲ್ಲಿ ಹುಟ್ಟಿದ ತಂಡವದು. ಗಿಟಾರುಗಳ ಮಿಡಿತ, ಡ್ರಮ್ಮಿನ ನಡೆ; ಹಾಡುವವರಿಲ್ಲ. ನಾಲ್ಕು ರಚನೆಗಳು ಮುಗಿಯುವಷ್ಟರಲ್ಲಿ ಅದೇ ದೂರು ನನ್ನ ಬಾಯಿಂದಲೂ ಹೊರಟಿತು. ಆಡಿದೊಡನೆ ನಾಚಿಕೆಯಾಯಿತು.

ಏಕೆಂದರೆ ನಲವತ್ತು ವರ್ಷಗಳ ಹಿಂದೆ ಇದೇ ಮಾತನ್ನಾಡಿ ನಾನೊಂದು ತಪ್ಪು ಮಾಡಿದ್ದೆ. ತಂಗಿಯ ಮದುವೆಗೆ ತಂದೆಯವರು ಸ್ಯಾಕ್ಸೊಫೋನ್ ಮೇಳವೊಂದನ್ನು ಗೊತ್ತುಮಾಡಿದ್ದರು. ಆಗಷ್ಟೇ ಅಧ್ಯಾಪಕನಾಗಿದ್ದ ನಾನು, ಆ ಹಿತ್ತಾಳೆಯ ಕೊಳವೆಯಲ್ಲಿ ಯಾವ ರಾಗ ಊದಿದರೂ ಒಂದೇ ಎಂದು ಹಠಹಿಡಿದು ಮೇಳವನ್ನು ಬಿಡಿಸಿದೆ. ವಾದ್ಯಗಾರರು ವೀಳ್ಯವನ್ನು ಹಿಂದಿರುಗಿಸಿ ಮಾತಿಲ್ಲದೆ ಅಂಗಳವಿಳಿದರು. ತಂದೆಯವರೂ ಮಾತನಾಡಲಿಲ್ಲ.

ಆ ಅಜ್ಞಾನವನ್ನು ಕಳೆದದ್ದು ಕದ್ರಿ ಗೋಪಾಲನಾಥರ ವಾದನ. ಅವರು ನಮ್ಮ ನೆರೆಯವರೇ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ನಾಗಸ್ವರ ವಿದ್ವಾಂಸರು. ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮಗ ಅದಕ್ಕೆ ಮನಸೋತರು. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ನೇರವಾಗಿ ಮುಟ್ಟುತ್ತದೆ; ಅರ್ಧ ಮುಚ್ಚಿ, ಅರ್ಧ ತೆರೆದು ಗಮಕವನ್ನು ಒಲಿಸಿಕೊಳ್ಳಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನುಡಿಯುವ ವಾದ್ಯವನ್ನು ಜಾರುವಂತೆ, ತೂಗುವಂತೆ ಮಾಡಲು ಅವರು ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿ.ಬಿ.ಸಿ.ಯ ಸಂಗೀತೋತ್ಸವ ಅವರ ಕಚೇರಿಯನ್ನು ಕೇಳಿತು. 2019ರಲ್ಲಿ ಅವರು ತೀರಿಕೊಂಡರು.

ಅವರ ಮೇಳದ ನಾದ ಎಂದೂ ಒಂದೇ: ಸ್ಯಾಕ್ಸೊಫೋನಿನ ತುಂಬುದನಿ, ಕನ್ಯಾಕುಮಾರಿಯವರ ಪಿಟೀಲಿನ ಉತ್ತರ, ಕೆಳಗೆ ಮೃದಂಗ, ಮೋರ್ಸಿಂಗುಗಳ ನೆಯ್ಗೆ. ಆದರೆ ಶಂಕರಾಭರಣಕ್ಕೂ ಕಲ್ಯಾಣಿಗೂ ಸ್ವರಗಳಲ್ಲಿರುವ ಭೇದ ಮಧ್ಯಮವೊಂದೇ ಅಲ್ಲವೆ? ನಾದ ಬದಲಾಗದಿರುವುದರಿಂದಲೇ ಆ ಒಂದು ಸ್ವರದ ಪಲ್ಲಟ ಕಿವಿಗೆ ಹೊಸ ಲೋಕವಾಗಿ ತೆರೆಯುತ್ತದೆ. ಕುಮಾರವ್ಯಾಸ ಹತ್ತು ಪರ್ವಗಳನ್ನೂ ಭಾಮಿನಿ ಷಟ್ಪದಿಯೊಂದರಲ್ಲೇ ಹಾಡಿದ. ದ್ರೌಪದಿಯ ಮೊರೆಯೂ ಭೀಮನ ಗರ್ಜನೆಯೂ ಅದೇ ಮಾತ್ರೆಗಳಲ್ಲಿ ಹರಿದರೂ ಬೇಸರವೆಂದವರಿಲ್ಲ. ಕಾರ್ಕಳದ 1432ರ ಬಾಹುಬಲಿಗೂ ನಮ್ಮೂರಿನ 1604ರ ಬಾಹುಬಲಿಗೂ ನಿಲುವು ಒಂದೇ, ಮುಗುಳ್ನಗೆ ಬೇರೆ. ಅದನ್ನು ಕಾಣಬೇಕಾದರೆ ತುಸು ಹೊತ್ತು ಎದುರಿಗೆ ನಿಲ್ಲಬೇಕು. ನಾನು ಎರಡನೆಯ ಮೂರ್ತಿಯ ಎದುರು ನಿಲ್ಲದೆಯೇ ತೀರ್ಪು ಕೊಟ್ಟವನು.

‘ಇನ್ನೊಮ್ಮೆ ಹಾಕು’ ಎಂದೆ ಅಳಿಯನಿಗೆ. ‘ಮಾವ, ಈ ಬಾರಿ ಡ್ರಮ್ಮನ್ನು ಮಾತ್ರ ಹಿಂಬಾಲಿಸಿ’ ಎಂದ. ಹಿಂಬಾಲಿಸಿದೆ. ನಾಲ್ಕು ರಚನೆಗಳು ನಾಲ್ಕು ನಡೆಗಳಾಗಿ ಬಿಡಿಬಿಡಿಯಾಗಿ ತೋರಿದವು. ಒಳಗಿನಿಂದ ತಂಗಿಯ ದನಿ ಕೇಳಿಸಿತು: ‘ಅಣ್ಣಾ, ನನ್ನ ಮದುವೆಯ ದಿನ ಈ ತಾಳ್ಮೆ ಎಲ್ಲಿತ್ತು?’ ನನ್ನಲ್ಲಿ ಉತ್ತರವಿರಲಿಲ್ಲ. ಆ ವಾದ್ಯಗಾರರಿಗೆ ಹೇಳಬೇಕಾಗಿದ್ದ ಮಾತನ್ನು ಇಂದು ನಿಮ್ಮ ಮುಂದೆ ಹೇಳಿದ್ದೇನೆ.