ಚಿನ್ನದ ಕಣಕ್ಕೆ ಡಿಎನ್‌ಎ ಗೂಡು

ಹಳ್ಳಿಮೈಸೂರು, ಅರಕಲಗೂಡು, ಚನ್ನರಾಯಪಟ್ಟಣದ ರೈತರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆ ಎಂದರೆ ಕೃಷಿ ಮೇಳ, ಹೊಸ ತಳಿಯ ಬೀಜ. ಅದೇ ಆವರಣದಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರವೂ ಇದೆ. ಯಮುನಾ ಕೃಷ್ಣನ್ ಮತ್ತು ಸಂಗಡಿಗರು ಅಲ್ಲಿ ಮಾಡಿ 2009ರಲ್ಲಿ ಪ್ರಕಟಿಸಿದ ಕೆಲಸವನ್ನು ಕುಸುರಿ ಎಂದೇ ಕರೆಯಬೇಕು. ಡಿಎನ್‌ಎ ಎಳೆಗಳಿಂದ ಇಪ್ಪತ್ತು ಮುಖದ ಗೂಡು ಕಟ್ಟಿ, ಅದರೊಳಗೆ ಚಿನ್ನದ ಕಣ ಕೂರಿಸಿದರು.

ಈ ಕುಸುರಿಯಲ್ಲಿ ಚಿಮುಟವಿಲ್ಲ, ಉಳಿಯಿಲ್ಲ. ಇರುವುದು ಡಿಎನ್‌ಎಯ ನಾಲ್ಕು ಅಕ್ಷರ: ಎ, ಟಿ, ಜಿ, ಸಿ. ಎ ಕೂಡುವುದು ಟಿ ಜೊತೆ, ಜಿ ಕೂಡುವುದು ಸಿ ಜೊತೆ. ಒಂದು ಎಳೆಯ ಅಕ್ಷರಗಳು ಗೊತ್ತಿದ್ದರೆ ಅದನ್ನು ಹಿಡಿಯುವ ಎಳೆಯನ್ನೂ ಬರೆದು ತಯಾರಿಸಬಹುದು. ಹಾಗಾಗಿ ಡಿಎನ್‌ಎಯನ್ನು ಕಟ್ಟಡದ ಸಾಮಗ್ರಿಯಾಗಿ ಬಳಸಬಹುದೆಂದು ಅಮೆರಿಕದ ನೇಡ್ರಿಯನ್ ಸೀಮನ್ 1982ರಲ್ಲೇ ಹೇಳಿದ್ದರು.

ಅಕ್ಷರಗಳ ಈ ಹಿಡಿತವನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು 1996ರಲ್ಲಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ತಂಡ. 13 ನ್ಯಾನೋಮೀಟರ್ ಅಗಲದ ಚಿನ್ನದ ಕಣಗಳನ್ನು ತೆಗೆದುಕೊಂಡರು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟು ಸಣ್ಣ ಚಿನ್ನ ನೀರಿನಲ್ಲಿ ಹಳದಿಯಲ್ಲ, ಕೆಂಪು. ಕಣಗಳಿಗೆ ಗಂಧಕದ ಕೊಂಡಿಯಿಂದ ಎರಡು ಬಗೆಯ ಎಳೆ ಅಂಟಿಸಿದರು. ಅವು ತಮ್ಮಷ್ಟಕ್ಕೆ ಕೂಡಲಾರವು. ಎರಡನ್ನೂ ಹಿಡಿಯಬಲ್ಲ ಮೂರನೆಯ ಡಿಎನ್‌ಎ ಬೆರೆಸಿದಾಗ ಕಣಗಳು ಗುಂಪುಗೂಡಿದವು, ಕೆಂಪು ನೀರು ನೇರಳೆಗೆ ತಿರುಗಿತು. ಬಿಸಿ ಮಾಡಿದರೆ ಎಳೆ ಬಿಟ್ಟು ಮತ್ತೆ ಕೆಂಪು, ಆರಿದರೆ ಮತ್ತೆ ನೇರಳೆ. ಎಷ್ಟು ಚೆಲುವಾದ ಪ್ರಯೋಗ!

ಬೆಂಗಳೂರಿನ ಗೂಡು ಇದಕ್ಕಿಂತ ನಾಜೂಕು. ಐದೈದು ತೋಳಿನ ಡಿಎನ್‌ಎ ತುಣುಕುಗಳನ್ನು ಮೊದಲು ಕೂಡಿಸಿ, ಒಡೆದ ತೆಂಗಿನಕಾಯಿಯ ಹೋಳುಗಳಂತೆ ಎರಡು ಅರ್ಧ ಮಾಡಿಕೊಂಡರು. ಚಿನ್ನದ ಕಣಗಳಿರುವ ದ್ರಾವಣದಲ್ಲಿ ಆ ಅರ್ಧಗಳು ಒಂದಾದಾಗ ಕಣ ಒಳಗೆ ಸೆರೆಯಾಯಿತು. ಯಾವ ತೋಳು ಯಾವುದನ್ನು ಹಿಡಿಯಬೇಕೆಂಬುದು ಅಕ್ಷರಗಳ ಸಾಲಿನಲ್ಲೇ ನಿರ್ಧಾರವಾಗಿರಬೇಕು. ಬೇಡದ ಕಡೆ ಹೊಂದಿಕೆಯಾದರೆ ಗೂಡಲ್ಲ, ಗಂಟಾಗುತ್ತದೆ. ಕೈಚಳಕವೆಲ್ಲ ಆ ಬರವಣಿಗೆಯಲ್ಲಿದೆ.

2011ರಲ್ಲಿ ಇದೇ ತಂಡ ಚಿನ್ನದ ಬದಲು ಹೊಳೆಯುವ ವಸ್ತು ತುಂಬಿದ ಗೂಡನ್ನು ಜೀವಂತ ಹುಳುವಿನ ಜೀವಕೋಶಕ್ಕೆ ಕಳಿಸಿ, ಅಲ್ಲಿನ ಆಮ್ಲೀಯತೆಯನ್ನು ಅಳೆಯಿತು. ಯಮುನಾ ಅವರಿಗೆ 2013ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು.

ಹೊಳೆನರಸೀಪುರದ, ಹಾಸನದ ಪಿಯುಸಿ ಮಕ್ಕಳು ಈ ನಾಲ್ಕು ಅಕ್ಷರಗಳನ್ನು ಪರೀಕ್ಷೆಗೆಂದು ಓದುತ್ತಾರೆ. ಅಧ್ಯಾಪಕರು ಆ ಪಾಠದ ದಿನ ಮಿರ್ಕಿನ್ನರ ಕೆಂಪು ನೀರನ್ನೂ ಜಿಕೆವಿಕೆಯ ಈ ಗೂಡನ್ನೂ ಅವರಿಗೆ ಹೇಳಲಿ.