ದೇವತೆಗಳ ಪಾಲು



ಮಹಾಕಾವ್ಯವೆನಿಸಿಕೊಳ್ಳುವ ಕೃತಿಯಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದರು. ಪುರ, ಸಮುದ್ರ, ಚಂದ್ರೋದಯಗಳ ಆ ಸಾಲಿನಲ್ಲಿ ಮಧುಪಾನಕ್ಕೂ ಒಂದು ಸ್ಥಾನವಿದೆ. ಕಾವ್ಯದಲ್ಲಿ ಅದನ್ನು ಓದಿ ತಲೆದೂಗುವ ನಾವು, ಮಾತಿನಲ್ಲಿ ಆ ವಿಷಯ ಬಂದೊಡನೆ ಧ್ವನಿ ತಗ್ಗಿಸುತ್ತೇವೆ. ಕಳೆದ ಒಂದು ವರ್ಷದಲ್ಲಿ ನಾನು ರುಚಿ ನೋಡಿದವುಗಳಲ್ಲಿ ಮೂರು ಪಾನೀಯಗಳು ಮನಸ್ಸಿನಲ್ಲಿ ನಿಂತಿವೆ. ಅವುಗಳ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆ ಒಂದು ಅಧ್ಯಾಯವೇ ಮೀಸಲು. ಅಲ್ಲಿ ದ್ರಾಕ್ಷಾರಸಕ್ಕೆ ಮಧುವೆಂದು ಹೆಸರು. ಹುಟ್ಟಿದ ನಾಡಿನಿಂದಾಗಿ ಅದು ಕಾಪಿಶಾಯನ, ಹಾರಹೂರಕ ಎನಿಸಿಕೊಳ್ಳುತ್ತದೆ. ಪಾನೀಯವನ್ನು ಅದರ ನೆಲದಿಂದ ಗುರುತಿಸುವ ಈ ಕ್ರಮ ನನಗೆ ಬಹಳ ಹಿಡಿಸಿತು.

ಮೊದಲನೆಯದು ನಂದಿಬೆಟ್ಟದ ಸೀಮೆಯ ಕೆಂಪು ವೈನ್. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬದವರು ಫ್ರಾನ್ಸಿನ ದ್ರಾಕ್ಷಿತಳಿಗಳ ತೋಟ ಆರಂಭಿಸಿದರು. ಯೂರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಸವರಿ, ಬೇಸಗೆಯ ಹೊಸ್ತಿಲಲ್ಲಿ ಒಂದೇ ಬೆಳೆ ತೆಗೆಯುತ್ತಾರೆ. ಕ್ಯಾಬರ್ನೆ ಮತ್ತು ಶಿರಾಜ್ ಬೆರೆತ ಅಲ್ಲಿಯ ವೈನಿನಲ್ಲಿ ನನಗೆ ಕಂಡದ್ದು, ನೇರಳೆಹಣ್ಣು ತಿಂದ ನಾಲಗೆಯ ಒಗರು ಮತ್ತು ಹಿಂದೆಯೇ ಬರುವ ಮೆಣಸಿನ ಸಣ್ಣ ಖಾರ.

ಎರಡನೆಯದು ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್. 2004ರಲ್ಲಿ ಇದು ಮೊದಲು ಮಾರುಕಟ್ಟೆಗೆ ಬಂದದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ! ಇವರ ‘ಫ್ಯೂಷನ್’ನಲ್ಲಿ ನಮ್ಮ ದೇಶದ ಬಾರ್ಲಿಯ ಜೊತೆಗೆ, ಜೌಗುನೆಲದ ಪೀಟ್ ಸುಟ್ಟ ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿ ಸೇರಿದೆ. ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ ಇದಕ್ಕೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು. ನನಗೆ ಅದರಲ್ಲಿ ಜೇನು, ಕಿತ್ತಳೆಯ ಸಿಪ್ಪೆ, ಸೌದೆ ಒಲೆಯ ಹೊಗೆ ಮೂರೂ ಸಿಕ್ಕವು.

ವಿಸ್ಕಿಯು ಓಕ್ ಮರದ ಪೀಪಾಯಿಯಲ್ಲಿ ಮಾಗುವಾಗ ಒಂದಷ್ಟು ಭಾಗ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನವರು ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿಯ ತಂಪಿನಲ್ಲಿ ಈ ಪಾಲು ವರ್ಷಕ್ಕೆ ನೂರಕ್ಕೆ ಸುಮಾರು 2. ಬೆಂಗಳೂರಿನಲ್ಲಿ 10ಕ್ಕೂ ಮಿಗಿಲು. ನಮ್ಮ ದೇವತೆಗಳ ಬಾಯಾರಿಕೆ ದೊಡ್ಡದು. ಆದರೆ ಆ ಬಿಸಿಲೇ ಮರದ ಸಾರವನ್ನು ಬೇಗ ಎಳೆಯುವುದರಿಂದ, ನಾಲ್ಕೈದು ವರ್ಷಕ್ಕೇ ಇಲ್ಲಿಯ ವಿಸ್ಕಿ ಹದಕ್ಕೆ ಬರುತ್ತದೆ.

ಮೂರನೆಯದು ಗೋವೆಯ ಗೇರುಹಣ್ಣಿನ ಫೆನಿ. ಬ್ರೆಜಿಲಿನ ಗೇರುಮರವನ್ನು ಪೋರ್ಚುಗೀಸರು ತಂದರು. ಹಣ್ಣಿನಿಂದ ಮದ್ಯ ತೆಗೆದವರು ಗೋವೆಯ ಜನ. ತಾನಾಗಿ ಉದುರಿದ ಹಣ್ಣನ್ನು ತುಳಿದು ರಸ ಹಿಂಡಿ, ಹುಳಿಬರಿಸಿ, ಭಟ್ಟಿ ಇಳಿಸುತ್ತಾರೆ. ಮೊದಲ ಭಟ್ಟಿಯದು ಉರಾಕ್, ಎರಡನೆಯದು ಫೆನಿ. ಫೇನವೆಂದರೆ ನೊರೆ, ಹೆಸರಿನ ಮೂಲ ಅದೇ ಎನ್ನುತ್ತಾರೆ. 2009ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇದರ ವಾಸನೆಯನ್ನು ಎಲ್ಲರೂ ಸಹಿಸರು. ನನಗೆ ಅದು ಕರಾವಳಿಯ ಏಪ್ರಿಲ್ ತಿಂಗಳನ್ನೇ ಎದುರಿಗೆ ತಂದಿತು.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ನಮ್ಮ ರಾಜ್ಯ ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈಯಲ್ಲಿ. ವೈನ್ ಉದ್ಯಮಕ್ಕೆ ಪ್ರೋತ್ಸಾಹ ನೀಡುವ ನೀತಿ ಬಂದದ್ದೂ ಅದೇ ವರ್ಷ. ಒಂದು ಬಡವನ ಪಾನ, ಇನ್ನೊಂದು ಉಳ್ಳವನ ಪಾನ ಎಂದು ಯಾರಾದರೂ ಆಕ್ಷೇಪಿಸಿದರೆ ತಳ್ಳಿಹಾಕಲಾಗದು. ಸಾರಾಯಿಯ ಜಾಗಕ್ಕೆ ಅಗ್ಗದ ಬಾಟಲಿಗಳು ಬಂದವು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಪೂರ್ಣ ಪಾನನಿಷೇಧ ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರ ಮುಂದೆ ನಿಂತು ನೇರಳೆಯ ಒಗರನ್ನು, ಕಿತ್ತಳೆಯ ಕಂಪನ್ನು ವರ್ಣಿಸಲು ನನ್ನ ನಾಲಗೆ ಏಳದು.

ಹಾಗೆಂದು ಕುಶಲಿಗಳ ದುಡಿಮೆಯನ್ನು, ನೆಲದ ಗುಣವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ರುಚಿಗೆ ಒಂದು ಗುಟುಕು ಸಾಕು. ಮರೆವಿಗೆ ಎಷ್ಟಾದರೂ ಸಾಲದು. ಈ ಅಂತರವನ್ನು ಬಲ್ಲವನಿಗೆ ಮಾತ್ರ ಮಧುಪಾನ ಹದಿನೆಂಟರಲ್ಲಿ ಒಂದಾಗಿ ಉಳಿಯುತ್ತದೆ. ಅರಿಯದವನಿಗೆ ಉಳಿದ ಹದಿನೇಳನ್ನೂ ಅದು ನುಂಗಿಬಿಡುತ್ತದೆ. ಪೀಪಾಯಿಯಿಂದ ದೇವತೆಗಳ ಪಾಲು ಹೋದರೆ ಹೋಗಲಿ. ಮನೆಯಿಂದ ಮಕ್ಕಳ ಪಾಲು ಹೋಗಬಾರದು.