ಬಿಸ್ಕತ್ತಿಗಿರುವ ತಾರೀಕು ಲ್ಯಾಪ್‌ಟಾಪಿಗೆ ಯಾಕಿಲ್ಲ?

ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ. ಯಾವಾಗ ತಯಾರಾಯ್ತು, ಎಷ್ಟು ತಿಂಗಳೊಳಗೆ ತಿನ್ನಬೇಕು ಅಂತ ಬರೆದಿರುತ್ತೆ. ಜ್ವರದ ಮಾತ್ರೆಯ ಸ್ಟ್ರಿಪ್ ಮೇಲೂ ಬರೆದಿರುತ್ತೆ. ಈಗ ಐವತ್ತು ಸಾವಿರ ಕೊಟ್ಟು ತಂದ ಲ್ಯಾಪ್‌ಟಾಪಿನ ಡಬ್ಬಿ ತಿರುಗಿಸಿ. ಎಂಆರ್‌ಪಿ ಇದೆ, ತಯಾರಾದ ತಿಂಗಳಿದೆ, ಕಸ್ಟಮರ್ ಕೇರ್ ನಂಬರ್ ಇದೆ. ಆದರೆ ಈ ಯಂತ್ರ ಯಾವತ್ತಿನವರೆಗೆ ಸುರಕ್ಷಿತ? ಅದೊಂದು ಸಾಲು ಮಾತ್ರ ಎಲ್ಲೂ ಇಲ್ಲ.

ಇವತ್ತು ಈ ಮಾತು ಯಾಕೆ ಅಂದ್ರೆ, 2025ರ ಅಕ್ಟೋಬರ್ 14ರಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ವಿದಾಯ ಹೇಳಿದೆ. ನಿಮ್ಮ ಮನೆಯ ಕಂಪ್ಯೂಟರ್, ಮೂಲೆ ಅಂಗಡಿಯ ಬಿಲ್ಲಿಂಗ್ ಮೆಷಿನ್, ಝೆರಾಕ್ಸ್ ಅಂಗಡಿಯ ಡಿಟಿಪಿ ಸಿಸ್ಟಮ್, ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬ್... ಇವುಗಳಲ್ಲಿ ಎಷ್ಟೋ ಇನ್ನೂ ಅದರ ಮೇಲೇ ಓಡ್ತಿವೆ. ಅವತ್ತಿನಿಂದ ನನಗೆ ಫೋನ್ ಮೇಲೆ ಫೋನ್. ಟಿವಿಯಲ್ಲಿ ಕೂತವನು, ಜೊತೆಗೆ ಇಂಜಿನಿಯರಿಂಗ್ ಓದಿದವನು ಅಂದಮೇಲೆ ನೆಂಟರಿಷ್ಟರಿಗೆಲ್ಲ ನಾನೇ ಸರ್ವಿಸ್ ಸೆಂಟರ್! ಎಲ್ಲರದ್ದೂ ಒಂದೇ ಪ್ರಶ್ನೆ: "ನಮ್ಮ ಕಂಪ್ಯೂಟರ್ ಆನ್ ಆಗಲ್ವಾ ಇನ್ಮೇಲೆ?"

ಆಗುತ್ತೆ. ಗಾಬರಿ ಬೇಡ. ಆನ್ ಆಗುತ್ತೆ, ಫೈಲ್ ತೆರೆಯುತ್ತೆ, ಪ್ರಿಂಟ್ ಬರುತ್ತೆ. ನಿಂತದ್ದು ಬೇರೆ. ಪ್ರತಿ ತಿಂಗಳು ತಾನಾಗೇ ಬರ್ತಿತ್ತಲ್ಲ ಸೆಕ್ಯುರಿಟಿ ಅಪ್‌ಡೇಟ್, ಅದು ನಿಂತಿದೆ. ಮನೆ ಹಾಗೇ ಇದೆ, ಕಾವಲುಗಾರ ಕೆಲಸ ಬಿಟ್ಟು ಹೋಗಿದ್ದಾನೆ ಅಂತ ತಿಳ್ಕೊಳ್ಳಿ. ನಾಳೆಯೇ ಕಳ್ಳ ಬರ್ತಾನೆ ಅಂತಲ್ಲ. ಆದರೆ ಕಿಟಕಿ ಮುರಿದರೆ ಸರಿ ಮಾಡೋರು ಇಲ್ಲ.

ಇದೇನು ಸುಮ್ಮನೆ ಹೆದರಿಸೋ ಮಾತಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ವೈರಸ್ ಜಗತ್ತನ್ನೇ ಅಲ್ಲಾಡಿಸಿತು. ಫೈಲುಗಳಿಗೆಲ್ಲ ಬೀಗ ಜಡಿದು, ಬಿಟ್‌ಕಾಯಿನ್ ಕೊಟ್ಟರೆ ಮಾತ್ರ ಬಿಡ್ತೀನಿ ಅಂತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್‌ಗಳೇ ರದ್ದಾದವು. ಆ ತೂತು ಮುಚ್ಚುವ ಪ್ಯಾಚ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗ ನಮ್ಮ ಹಳೇ ಕಂಪ್ಯೂಟರುಗಳ ಕಥೆ ಏನು? ಹಾಕಿಕೊಳ್ಳೋಣ ಅಂದರೂ ಪ್ಯಾಚೇ ಬರಲ್ಲ.

"ಹಾಗಾದ್ರೆ ವಿಂಡೋಸ್ 11 ಹಾಕ್ಕೊಳ್ಳಿ, ಫ್ರೀ ತಾನೇ?" ಅಂತ ಕೇಳ್ತೀರಿ. ಫ್ರೀ ಹೌದು. ಆದರೆ ನಿಮ್ಮ ಯಂತ್ರ ಒಪ್ಪಬೇಕಲ್ಲ!

ಅದಕ್ಕೆ ಟಿಪಿಎಂ 2.0 ಅನ್ನೋ ಒಂದು ಭದ್ರತಾ ವ್ಯವಸ್ಥೆ ಬೇಕು. ಕಂಪ್ಯೂಟರಿನೊಳಗೇ ಇರುವ ಪುಟ್ಟ ತಿಜೋರಿ ಅದು. ಗುಪ್ತ ಕೀಲಿಗಳನ್ನು ಇಟ್ಟುಕೊಳ್ಳುತ್ತೆ, ಯಂತ್ರ ಶುರುವಾಗುವಾಗ ಯಾರಾದರೂ ಕೈಯಾಡಿಸಿದ್ದಾರಾ ಅಂತ ನೋಡೋಕೆ ನೆರವಾಗುತ್ತೆ. ಒಳ್ಳೆಯದೇ, ತಕರಾರಿಲ್ಲ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತೆ, ಆನ್ ಮಾಡಿದ್ರೆ ಮುಗೀತು. ದೊಡ್ಡ ಗೋಡೆ ಇರೋದು ಪ್ರೊಸೆಸರ್ ಪಟ್ಟಿಯಲ್ಲಿ. ಇಂಟೆಲ್ ಆದ್ರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ಏಳನೆಯದರಲ್ಲಿ ಬೆರಳೆಣಿಕೆಯಷ್ಟು ಚಿಪ್‌ಗಳನ್ನು ಬಿಟ್ಟರೆ ಉಳಿದದ್ದೆಲ್ಲ ಹೊರಗೆ. ಎಎಂಡಿಯ ಮೊದಲ ತಲೆಮಾರಿನ ರೈಜೆನ್ ಕೂಡ ಹೊರಗೆ.

ಈಗ ಒಂದು ಲೆಕ್ಕ ಹಾಕಿ. 2017ರಲ್ಲಿ ಮಗಳು ಪಿಯುಸಿಗೆ ಸೇರಿದಳು ಅಂತ ಅಪ್ಪ ಸಾಲ ಮಾಡಿ ಏಳನೇ ತಲೆಮಾರಿನ ಐ5 ಲ್ಯಾಪ್‌ಟಾಪ್ ತಂದ. ಅವತ್ತಿಗೆ ಅದು ಅಂಗಡಿಯಲ್ಲಿದ್ದ ಹೊಸ ಮಾಲು. ನಾಲ್ಕೇ ವರ್ಷ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು, ಆ ಲ್ಯಾಪ್‌ಟಾಪ್ ಪಟ್ಟಿಯಿಂದ ಹೊರಗೆ. ಕೀಬೋರ್ಡ್ ಸರಿ ಇದೆ, ಸ್ಕ್ರೀನ್ ಸರಿ ಇದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಎಸ್‌ಎಸ್‌ಡಿ ಹಾಕಿಸಿ, ಎಂಟು ಜಿಬಿ ರ್‍ಯಾಮ್ ಮಾಡಿಸಿಕೊಂಡು ಬಂದ್ರೆ ಹೊಸದರ ಹಾಗೆ ಓಡುತ್ತೆ. ಯಂತ್ರ ಕೆಟ್ಟಿಲ್ಲ ಸ್ವಾಮಿ! ಕಾಗದದ ಮೇಲೆ ಮಾತ್ರ ಕೆಟ್ಟಿದೆ.

ಕಂಪನಿಯ ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ರೆ ನ್ಯಾಯ ಆಗಲ್ಲ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ನೋಡಿಕೊಂಡಿದ್ದಾರೆ. ಯಾವ ಕಂಪನಿಯೂ ಒಂದು ಸಾಫ್ಟ್‌ವೇರನ್ನು ಕೊನೇತನಕ ಸಾಕೋಕೆ ಆಗಲ್ಲ. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಮನೆ ಬಳಕೆದಾರರಿಗೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ದಾರಿಯನ್ನೂ ಇಟ್ಟಿದ್ದಾರೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡ್ರೆ ದುಡ್ಡಿಲ್ಲ, ಬೇಡ ಅಂದ್ರೆ 30 ಡಾಲರ್. ಎಲ್ಲ ಸರಿ.

ಆದರೆ ಆ ಹತ್ತು ವರ್ಷದ ಲೆಕ್ಕದಲ್ಲಿ ಒಂದು ಚಾಲಾಕಿ ಇದೆ. ಗಡಿಯಾರ ಶುರುವಾಗೋದು ನೀವು ಕೊಂಡ ದಿನದಿಂದ ಅಲ್ಲ, ಅವರು ಬಿಡುಗಡೆ ಮಾಡಿದ ದಿನದಿಂದ. 2015ರಲ್ಲಿ ಕೊಂಡವನಿಗೆ ಹತ್ತು ವರ್ಷ. ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ 2020ರಲ್ಲಿ ಹಳೇ ಸ್ಟಾಕ್ ಕೊಂಡವನಿಗೆ ಐದೇ ವರ್ಷ. ಇಬ್ಬರೂ ಕೊಟ್ಟದ್ದು ಒಂದೇ ದುಡ್ಡು. ಎರಡನೆಯವನಿಗೆ ಯಾರಾದ್ರೂ ಹೇಳಿದ್ರಾ? ಅಂಗಡಿಯವನು ಹೇಳಲಿಲ್ಲ, ಡಬ್ಬಿಯೂ ಹೇಳಲಿಲ್ಲ.

ಸೇಲ್‌ಗಳ ಗುಟ್ಟೂ ಇದೇ. ದೀಪಾವಳಿ ಬಂತು ಅಂದ್ರೆ ಸಾಕು, ಪೇಪರ್ ತುಂಬ ಜಾಹೀರಾತು. ಶೇಕಡಾ 40 ಕಡಿತ, ಶೇಕಡಾ 50 ಕಡಿತ! ಗೂಗಲ್ 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8 ಬಿಟ್ಟಾಗ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತು. ಸ್ಯಾಮ್‌ಸಂಗ್ ಕೂಡ 2024ರ ಜನವರಿಯಲ್ಲಿ ಎಸ್24ಗೆ ಏಳು ವರ್ಷ ಅಂತು. ಒಳ್ಳೆಯ ಮಾತು, ಬಾಯಿಬಿಟ್ಟು ಹೇಳಿದ್ದಾರೆ. ಆದರೆ ಆ ಪಿಕ್ಸೆಲ್ ಅನ್ನು 2025ರ ದೀಪಾವಳಿಗೆ ಕೊಂಡ್ರೆ ನಿಮಗೆ ಸಿಗೋದು ಏಳಲ್ಲ, ಐದು. ಇವೆಲ್ಲ ದುಬಾರಿ ಫೋನುಗಳ ಮಾತು. ಹತ್ತು ಸಾವಿರದ ಫೋನುಗಳಲ್ಲಿ ಎರಡು ಮೂರು ವರ್ಷಕ್ಕೇ ಅಪ್‌ಡೇಟ್ ಮುಗಿದುಹೋಗೋದು ಹೊಸದೇನಲ್ಲ. ಅಂಥ ಫೋನನ್ನು, ಬಂದು ಎರಡು ವರ್ಷ ಆದಮೇಲೆ, ಸೇಲ್‌ನಲ್ಲಿ ಕೊಂಡರೆ? ಕಡಿಮೆಯಾದದ್ದು ಬೆಲೆ ಮಾತ್ರ ಅಲ್ಲ, ಆಯಸ್ಸು ಕೂಡ. ಅದೇ ಫೋನಿನಲ್ಲಿ ನಿಮ್ಮ ಯುಪಿಐ ಇದೆ, ಬ್ಯಾಂಕಿನ ಒಟಿಪಿ ಬರುತ್ತೆ. ಮರೀಬೇಡಿ.

ಟಿವಿಯದ್ದೂ ಇದೇ ಪಾಡು. ನಮ್ಮ ಮನೆಯ ಸ್ಮಾರ್ಟ್ ಟಿವಿಗೆ ಐದು ವರ್ಷ. ಪಿಕ್ಚರ್ ಇವತ್ತಿಗೂ ಕನ್ನಡಿ ಹಾಗಿದೆ. ಒಂದು ದಿನ ಸಿನಿಮಾ ಆ್ಯಪ್ ತೆರೆದ್ರೆ, "ಈ ಸಾಧನದಲ್ಲಿ ಇನ್ನು ಕೆಲಸ ಮಾಡುವುದಿಲ್ಲ" ಅಂತ ಸಂದೇಶ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗ ತುಂಬ ವಿನಯದಿಂದ ಹೇಳಿದ, "ಸರ್, ಹೊಸ ಮಾಡೆಲ್ ಬಂದಿದೆ, ಎಕ್ಸ್‌ಚೇಂಜ್ ಆಫರ್ ಇದೆ." ಕಂಪನಿ ಹೆಸರು ಬೇಡ. ಯಾವ ಕಂಪನಿ ಆದರೂ ಉತ್ತರ ಅದೇ.

ಗೇಮ್ ಆಡೋ ಹುಡುಗರಿಗೆ ಈ ನೋವು ನಮಗಿಂತ ಮೊದಲೇ ಗೊತ್ತಾಗಿದೆ. ಯೂಬಿಸಾಫ್ಟ್ ಕಂಪನಿಯ 'ದಿ ಕ್ರ್ಯೂ' ಅನ್ನೋ ಕಾರ್ ರೇಸಿಂಗ್ ಗೇಮ್ 2014ರಲ್ಲಿ ಬಂತು. ಜನ ದುಡ್ಡು ಕೊಟ್ಟು ಕೊಂಡರು, ಕೆಲವರು ಡಿಸ್ಕೇ ಕೊಂಡರು. 2024ರ ಮಾರ್ಚ್ 31ಕ್ಕೆ ಕಂಪನಿ ಸರ್ವರ್ ಆಫ್ ಮಾಡಿತು. ಒಬ್ಬನೇ ಕೂತು ಆಡೋಣ ಅಂದರೂ ಆ ಗೇಮಿಗೆ ಸರ್ವರ್ ಬೇಕಿತ್ತು. ಹಾಗಾಗಿ ಡಿಸ್ಕ್ ಕೈಯಲ್ಲೇ ಇದೆ, ಗೇಮ್ ಇಲ್ಲ! ಯುರೋಪಿನ ಗೇಮರ್‌ಗಳು ಸುಮ್ಮನೆ ಕೂರಲಿಲ್ಲ. 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಂತ ಚಳವಳಿ ಮಾಡಿ, 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿಯ ಗಡಿ ದಾಟಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಗೆ ಬಂದಿದೆ. ಡಿಜಿಟಲ್ ಗೇಮೋ ಸಿನಿಮಾವೋ ಮಾರುವಾಗ, ನೀವು ಕೊಳ್ತಿರೋದು ವಸ್ತುವನ್ನಲ್ಲ, ಬರೀ ಪರವಾನಗಿಯನ್ನು ಅಂತ ಸ್ಪಷ್ಟವಾಗಿ ಹೇಳದೆ 'ಖರೀದಿಸಿ' ಅನ್ನೋ ಪದ ಬಳಸೋ ಹಾಗಿಲ್ಲ. ಹುಡುಗಾಟ ಅಂತ ನಾವು ನಕ್ಕ ಗೇಮರ್‌ಗಳು ಗ್ರಾಹಕರ ಹಕ್ಕಿನ ದೊಡ್ಡ ಪಾಠ ಹೇಳ್ತಿದ್ದಾರೆ.

ಸರ್ಕಾರಗಳು ಇದನ್ನು ಸರಿ ಮಾಡೋಕೆ ಆಗುತ್ತಾ? ಆಗುತ್ತೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಇರೋ ಕಾನೂನು ಇದು: ಫೋನ್, ಸ್ಮಾರ್ಟ್ ಟಿವಿ, ಮನೆಯ ಕ್ಯಾಮೆರಾ ಥರದ ಇಂಟರ್ನೆಟ್‌ಗೆ ಸೇರೋ ವಸ್ತು ಮಾರಬೇಕಾದ್ರೆ, ಕನಿಷ್ಠ ಯಾವತ್ತಿನವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂತ ಕಂಪನಿ ಪ್ರಕಟಿಸಲೇಬೇಕು. ತಪ್ಪಿದ್ರೆ ಒಂದು ಕೋಟಿ ಪೌಂಡ್ ಅಥವಾ ಜಾಗತಿಕ ಆದಾಯದ ಶೇಕಡಾ 4, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ಅದರಲ್ಲೂ ಲ್ಯಾಪ್‌ಟಾಪನ್ನು ಹೊರಗಿಟ್ಟಿದ್ದಾರೆ, ಅದು ಕೊರತೆಯೇ. ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿನ ಮಾರುಕಟ್ಟೆಗೆ ಬರೋ ಫೋನಿಗೆ, ಆ ಮಾಡೆಲ್‌ನ ಕೊನೆಯ ಪೀಸ್ ಮಾರುಕಟ್ಟೆಗೆ ಬಿಟ್ಟ ದಿನದಿಂದ ಕನಿಷ್ಠ ಐದು ವರ್ಷದ ತನಕ ಅಪ್‌ಡೇಟ್ ಸಿಗಬೇಕು. ಗಮನಿಸಿ: ಮೊದಲ ಪೀಸ್ ಅಲ್ಲ, ಕೊನೆಯ ಪೀಸ್. ನಾನು ಆಗ ಹೇಳಿದ ಗಡಿಯಾರದ ಚಾಲಾಕಿಗೆ ಅಲ್ಲಿ ಬೀಗ ಬಿತ್ತು!

ನಮ್ಮಲ್ಲಿ? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ತಂತು. 2025ರಲ್ಲಿ ರಿಪೇರಿ ಸೂಚ್ಯಂಕದ ಬಗ್ಗೆ ಸಮಿತಿಯ ವರದಿಯೂ ಬಂದಿದೆ. ಹೆಜ್ಜೆ ಸರಿಯಾದ ದಿಕ್ಕಿಗೇ ಇದೆ. ಆದರೆ ಸ್ಕ್ರೂ ಬಿಚ್ಚಿ ರಿಪೇರಿ ಮಾಡೋ ಹಕ್ಕು ಕೊಟ್ಟು, ಸಾಫ್ಟ್‌ವೇರ್ ಕೊಂದರೆ ಕೇಳೋರಿಲ್ಲ ಅಂದ್ರೆ ಏನು ಪ್ರಯೋಜನ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕೊಳ್ಳುವ ವಸ್ತುವಿನ ಗುಣಮಟ್ಟ, ಪ್ರಮಾಣ, ಬೆಲೆಯ ಮಾಹಿತಿ ಪಡೆಯೋದು ನಿಮ್ಮ ಹಕ್ಕು ಅನ್ನುತ್ತೆ. ಒಂದು ಯಂತ್ರ ಯಾವತ್ತಿನವರೆಗೆ ಸುರಕ್ಷಿತ ಅನ್ನೋದಕ್ಕಿಂತ ದೊಡ್ಡ ಗುಣಮಟ್ಟದ ಮಾಹಿತಿ ಯಾವುದಿದೆ?

"ಲಿನಕ್ಸ್ ಹಾಕ್ಕೊಳ್ಳಿ ಸಾರ್, ಮುಗೀತು" ಅಂತಾರೆ ನನ್ನ ಇಂಜಿನಿಯರ್ ಸ್ನೇಹಿತರು. ಬ್ರೌಸಿಂಗ್, ಮೇಲ್, ಮಕ್ಕಳ ಓದು ಇಷ್ಟೇ ಇದ್ದರೆ ಖಂಡಿತ ಹಾಕಿಕೊಳ್ಳಿ. ಉಬುಂಟು, ಮಿಂಟ್ ಎರಡೂ ಉಚಿತ, ಕನ್ನಡವೂ ಚೆನ್ನಾಗಿ ಮೂಡುತ್ತೆ. ನೋಡಿ, ಬಿಟ್ಟಿ ಸಿಗೋ ಉಬುಂಟು 24.04 ಕೂಡ 2029ರವರೆಗೆ ಅಂತ ಮೊದಲೇ ಹೇಳಿಬಿಡುತ್ತೆ. ಆದರೆ ತಾಲೂಕು ಆಫೀಸಿನ ಎದುರು ಡಿಟಿಪಿ ಅಂಗಡಿ ಇಟ್ಟವನಿಗೆ ಈ ಮಾತು ಹೇಳೋಕಾಗುತ್ತಾ? ಅವನ ಇಪ್ಪತ್ತು ವರ್ಷದ ಫೈಲುಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ, ಪೇಜ್‌ಮೇಕರಿನಲ್ಲಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ! ಮದುವೆ ಕಾರ್ಡು, ಕ್ರಯಪತ್ರ, ಬಾಡಿಗೆ ಕರಾರು... ಅವನ ಹೊಟ್ಟೆಪಾಡು ಆ ಒಂದು ವಿಂಡೋಸ್ ಯಂತ್ರದ ಮೇಲಿದೆ. ಅವನಿಗೆ ಮೂವತ್ತು ನಲವತ್ತು ಸಾವಿರದ ಹೊಸ ಕಂಪ್ಯೂಟರ್, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಅಂದ್ರೆ ಎಷ್ಟು ತಿಂಗಳ ದುಡಿಮೆ, ನೀವೇ ಲೆಕ್ಕ ಹಾಕಿ. ಇನ್ನು ಅವನು ಎಸೆದ ಹಳೇ ಡಬ್ಬ? ಗುಜರಿಗೆ. ಅಲ್ಲಿಂದ ಬೋರ್ಡು ಸುಟ್ಟು ತಾಮ್ರ ತೆಗೆಯೋ ಬಡವರ ಶ್ವಾಸಕೋಶಕ್ಕೆ.

ಹಾಗಾಗಿ ನನ್ನ ಬೇಡಿಕೆ ಒಂದೇ, ಅದೂ ಅತಿ ಸಣ್ಣದು. ಹೊಸ ಮಾಡೆಲ್ ಮಾಡಬೇಡಿ ಅಂತಿಲ್ಲ, ಕೊನೇತನಕ ಅಪ್‌ಡೇಟ್ ಕೊಡಿ ಅಂತಲೂ ಇಲ್ಲ. ಡಬ್ಬಿಯ ಮೇಲೆ, ಎಂಆರ್‌ಪಿ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಒಂದು ಸಾಲು: "ಸುರಕ್ಷತಾ ಅಪ್‌ಡೇಟ್ ಇಂಥ ತಿಂಗಳು, ಇಂಥ ವರ್ಷದವರೆಗೆ." ಆನ್‌ಲೈನ್ ಮಾರಾಟದಲ್ಲಿ 'ಖರೀದಿಸಿ' ಬಟನ್ ಪಕ್ಕದಲ್ಲೂ ಅದೇ ಸಾಲು. ಇದಕ್ಕೆ ಕಂಪನಿಗೆ ಖರ್ಚು ಎಷ್ಟು? ಒಂದು ಸಾಲಿನ ಶಾಯಿ. ಆಮೇಲೆ ನೋಡಿ ಮಜಾ. ಎರಡು ವರ್ಷ ಅಂತ ಬರೆದವನ ಫೋನ್ ಅಂಗಡಿಯಲ್ಲೇ ಕೊಳೆಯುತ್ತೆ, ಐದು ಅಂತ ಬರೆದವನದ್ದು ಖರ್ಚಾಗುತ್ತೆ. ಉಳಿದದ್ದನ್ನು ಪೈಪೋಟಿಯೇ ಸರಿ ಮಾಡುತ್ತೆ.

ಆ ಕಾನೂನು ಬರೋತನಕ ನೀವು ಒಂದು ಕೆಲಸ ಮಾಡಿ. ಹಬ್ಬಕ್ಕೆ ಅಂಗಡಿಗೆ ಹೋದಾಗ ಎಷ್ಟು ಕ್ಯಾಮೆರಾ, ಎಷ್ಟು ಜಿಬಿ ಅಂತ ಕೇಳೋ ಮೊದಲು ಎರಡು ಪ್ರಶ್ನೆ ಕೇಳಿ. ಈ ಮಾಡೆಲ್ ಮೊದಲು ಬಂದದ್ದು ಯಾವಾಗ? ಅಪ್‌ಡೇಟ್ ಯಾವ ವರ್ಷದವರೆಗೆ? ಉತ್ತರ ಸಿಗದಿದ್ರೆ ಕಂಪನಿಯ ಸೈಟಿನಲ್ಲಿ ಹುಡುಕಿ. ಅಲ್ಲೂ ಇಲ್ಲ ಅಂದ್ರೆ ಆ ಮಾಲು ಬೇಡ, ಪಕ್ಕದ್ದು ನೋಡಿ. ಮೋಸ ಆಗಿದೆ ಅನ್ನಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ವಿಂಡೋಸ್ 10 ಇರೋರು ಇವತ್ತು ರಾತ್ರಿಯೇ ಕೂತು ಆ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟಿಗೆ ಹೆಸರು ಸೇರಿಸಿ, ಮಕ್ಕಳ ಫೋಟೋ, ಮನೆ ಪತ್ರಗಳ ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡಿ.

ದುಡ್ಡು ನಮ್ಮದು, ಬೆವರು ನಮ್ಮದು. ಕೊಂಡ ವಸ್ತು ಯಾವತ್ತು ಸಾಯುತ್ತೆ ಅಂತ ಕೇಳೋಕೆ ನಾವ್ಯಾಕೆ ನಾಚಿಕೊಳ್ಳಬೇಕು? ಕೇಳಿ. ಅಂಗಡಿಯಲ್ಲಿ ಹತ್ತು ಜನ ಕೇಳಿದ್ರೆ ಅಂಗಡಿಯವನು ಡೀಲರನ್ನು ಕೇಳ್ತಾನೆ, ಡೀಲರ್ ಕಂಪನಿಯನ್ನು ಕೇಳ್ತಾನೆ.